ಸೊನ್ನೆಯ ಮೇಲೆ ನಿಂತ ಬೆರ್ಚಪ್ಪ

ಲಾಂಡ್ರಿಯ ಆಫೀಸಿನಲ್ಲಿ ಆಕೆಯನ್ನು ಎಲ್ಲರೂ ಗೀಟಕ್ಕ ಎಂದೇ ಕರೆಯುತ್ತಿದ್ದರು. ಗೀಟು ಎಳೆಯುವುದೇ ಅವಳ ಕೆಲಸ. ತಿಂಗಳು ಮುಗಿದೊಡನೆ ಯಾವ ಘಟಕ ಎಷ್ಟು ಹಾಸುಬಟ್ಟೆ ಒಗೆಯಿತು, ಅದರಲ್ಲಿ ಎಷ್ಟನ್ನು ಹೇಳಿದ ಹೊತ್ತಿಗೆ ಆಸ್ಪತ್ರೆಗೆ ಮುಟ್ಟಿಸಿತು, ಎಷ್ಟು ಕಲೆ ಉಳಿದು ವಾಪಸು ಬಂತು ಎಂಬುದನ್ನೆಲ್ಲ ಅವಳು ಕಂಪ್ಯೂಟರಿನಲ್ಲಿ ಗೆರೆಗಳಾಗಿ ಮಾಡಿ ಕೊಡುತ್ತಿದ್ದಳು. ನಕ್ಷೆಯ ಎಡಬದಿಯಲ್ಲಿ ಅಂಕಿಗಳನ್ನು ಹೊತ್ತು ಮೇಲಕ್ಕೆ ಏಳುವ ಗೆರೆಗೆ ಅವಳು ‘ನಿಂತ ಗೀಟು’ ಎನ್ನುವಳು. ತಿಂಗಳುಗಳ ಹೆಸರು ಹೊತ್ತು ಕೆಳಗೆ ಅಡ್ಡವಾಗಿರುವುದು ‘ಮಲಗಿದ ಗೀಟು’. ಶಾಲೆಯಲ್ಲಿ ಅದಕ್ಕೆ ಅಕ್ಷ ಎಂದು ಕಲಿಸಿದ್ದರು, ನಿಜ. ಆದರೆ ನಿಂತದ್ದು, ಮಲಗಿದ್ದು ಎಂದರೆ ಬಟ್ಟೆಯ ಗಾಡಿ ತಳ್ಳುವವರಿಗೂ ತಿಳಿಯುತ್ತಿತ್ತು, ಯಜಮಾನರಿಗೂ ತಿಳಿಯುತ್ತಿತ್ತು.

ಮೊದಲು ಅವಳು ಆಫೀಸಿನವಳಲ್ಲ. ಊರಿನ ಇಳಿಜಾರು ಮುಗಿಯುವಲ್ಲಿ, ಕಾಲುವೆಯ ಪಕ್ಕಕ್ಕೆ, ಎಲ್ಲರೂ ತಗ್ಗಿನ ಘಟಕ ಎಂದು ಕರೆಯುವ ಹಳೆಯ ಕಟ್ಟಡವಿದೆ. ಅಲ್ಲಿ ಹಾಸುಬಟ್ಟೆ ಮಡಿಚಲು ಸೇರಿದ್ದಳು. ಒಳಗೆ ಕಾಲಿಟ್ಟರೆ ಬಿಸಿ ಹಬೆ ಮುಖಕ್ಕೆ ಒದ್ದೆ ಬಟ್ಟೆಯಂತೆ ಅಂಟಿಕೊಳ್ಳುವ ಜಾಗ ಅದು. ಅಲ್ಲಿನ ಮೇಸ್ತ್ರಿ ಎತ್ತರದ ದನಿಯ ಮನುಷ್ಯ. ಯಂತ್ರಗಳ ಗದ್ದಲದ ನಡುವೆ ಅರ್ಧ ಆಯುಸ್ಸು ಕಳೆದು ಅವರ ಕಿವಿ ಅರ್ಧ ಕೇಳಿಸಿಕೊಳ್ಳುತ್ತಿತ್ತು, ಉಳಿದರ್ಧವನ್ನು ತಾನೇ ಊಹಿಸಿಕೊಳ್ಳುತ್ತಿತ್ತು. ತಮ್ಮ ಕೈಕೆಳಗಿನವರ ಮೇಲೆ ಅವರಿಗೆ ಕೋಳಿಗೆ ಮರಿಗಳ ಮೇಲಿರುವಂಥ ಕಕ್ಕುಲತೆ. ಆಫೀಸಿನಿಂದ ಯಾರನ್ನು ವಿಚಾರಿಸಿದರೂ, ಆ ವ್ಯಕ್ತಿ ಮನೆಯಲ್ಲಿ ಮಗುವಿಗೆ ಜ್ವರವೆಂದು ಕೂತಿದ್ದರೂ ಸರಿ, ಮೇಸ್ತ್ರಿಯ ಉತ್ತರ ಒಂದೇ: “ಇದಾರೆ ಸಾರ್, ಈಗ ತಾನೆ ಬಾಯ್ಲರ್ ಹತ್ರ ಹೋದ್ರು.”

ಒಂದು ದಿನ ಅವರು ಗೋಡೆಯ ಕಪ್ಪು ಹಲಗೆಯ ಮೇಲೆ ಆ ದಿನದ ಲೆಕ್ಕ ಬರೆಯಲು ಅವಳಿಗೆ ಹೇಳಿದರು. ಅವಳು ಅಂಕಿ ಬರೆಯುವ ಬದಲು ಸೀಮೆಸುಣ್ಣದಲ್ಲಿ ಕಂಬ ಎಳೆದಳು, ನಿನ್ನೆಯದೊಂದು, ಇಂದಿನದೊಂದು. ಓದು ಬಾರದ ಹೆಂಗಸರೂ ಕೈ ಒರೆಸಿಕೊಳ್ಳುತ್ತ ಬಂದು ನೋಡಿ, “ನಮ್ದು ಇವತ್ತು ಉದ್ದ ಇದೆ ಕಣ್ರೇ” ಎಂದು ಬೀಗಿದರು. ಮೇಸ್ತ್ರಿ ಸೊಂಟದ ಮೇಲೆ ಕೈಯಿಟ್ಟು ಹಲಗೆ ನೋಡಿದರು.

“ತಂಗೀ, ನೀನು ಬಟ್ಟೆ ಮಡಿಚೋಳಲ್ಲ ಕಣಮ್ಮ. ಲೆಕ್ಕ ಬಿಚ್ಚೋಳು” ಎಂದರು.

ಆಫೀಸಿಗೆ ಅವಳನ್ನು ಕಳಿಸಿಕೊಟ್ಟವರೂ ಅವರೇ. ಅಂದಿನಿಂದ ಅವಳು ಗೀಟಕ್ಕ. ಆ ಲಾಂಡ್ರಿಯಲ್ಲಿ ಅಪ್ಪ ಅಮ್ಮ ಇಟ್ಟ ಹೆಸರಿಗೆ ಬೆಲೆಯೇ ಇರಲಿಲ್ಲ. ವ್ಯಾನು ಓಡಿಸುವವನು ಗೂಬಣ್ಣ, ಕಲೆ ತೆಗೆಯುವಾಕೆ ಸೋಪಮ್ಮ. ಹೆಸರು ಬಿದ್ದಿತೆಂದರೆ ಬಿತ್ತು, ಎಷ್ಟು ಒಗೆದರೂ ಹೋಗುವುದಿಲ್ಲ.

ಗೀಟಕ್ಕನಿಗೆ ಆಫೀಸಿನಲ್ಲಿದ್ದ ಶತ್ರು ಒಂದೇ, ಆ ವರದಿ ಮಾಡುವ ಸಾಫ್ಟ್‌ವೇರು. ಅದು ಉಳಿದೆಲ್ಲಕ್ಕೂ ಹೂಂ ಎನ್ನುತ್ತಿತ್ತು. ಬಣ್ಣ ಬದಲಿಸು ಎಂದರೆ ಬದಲಿಸುತ್ತಿತ್ತು, ಗೆರೆ ದಪ್ಪ ಮಾಡು ಎಂದರೆ ಮಾಡುತ್ತಿತ್ತು. ನಿಂತ ಗೀಟು ಎಲ್ಲಿಂದ ಶುರುವಾಗಬೇಕು ಎಂಬುದನ್ನು ಮಾತ್ರ ಯಾರಪ್ಪನ ಮಾತೂ ಕೇಳದೆ ತಾನೇ ತೀರ್ಮಾನಿಸುತ್ತಿತ್ತು. ಅದನ್ನು ತುಂಬಬೇಕಾದ ಚೌಕ ತೆರೆಯ ಮೇಲೆ ಇದ್ದೇ ಇತ್ತು, ಆದರೆ ಬೂದು ಬಣ್ಣದಲ್ಲಿ, ಬೀಗ ಹಾಕಿದ ಅಂಗಡಿಯ ಹಾಗೆ. ಅಂಕಿಗಳೆಲ್ಲ ತೊಂಬತ್ತರ ಮೇಲೆಯೇ ಇದ್ದರೆ ಸಾಫ್ಟ್‌ವೇರು ನಿಂತ ಗೀಟನ್ನೂ ತೊಂಬತ್ತರ ಮೇಲಿನಿಂದಲೇ ಆರಂಭಿಸುತ್ತಿತ್ತು. ಆಗ ನೂರಕ್ಕೆ ಎರಡು ಮೂರು ಕಡಿಮೆಯಾದರೂ ಗೆರೆ ನಕ್ಷೆಯ ನೆತ್ತಿಯಿಂದ ಪಾದಕ್ಕೆ ಧೊಪ್ಪನೆ ಬೀಳುತ್ತಿತ್ತು.

ಸಾಫ್ಟ್‌ವೇರಿನ ಕಂಪನಿಗೆ ಅವಳು ಎಷ್ಟೋ ಸಲ ಫೋನು ಮಾಡಿದ್ದಳು.

“ಅದು ಮುಂದಿನ ವರ್ಷನ್‌ನಲ್ಲಿ ಬರತ್ತೆ ಮೇಡಂ” ಎನ್ನುತ್ತಿತ್ತು ಅತ್ತಲಿನ ದನಿ.

“ಹೋದ ಸಲಾನೂ ಮುಂದಿನದೇ ಅಂದಿದ್ರಲ್ಲಪ್ಪ. ಅದು ಬಂದು ಹೋಯ್ತಲ್ಲ?”

“ಇದು ಅದರ ಮುಂದಿನದು ಮೇಡಂ.”

ಇಷ್ಟು ಕಾಲ ಅದರಿಂದ ಯಾರಿಗೂ ತೊಂದರೆಯಾಗಿರಲಿಲ್ಲ. ಹಳೆಯ ಮ್ಯಾನೇಜರು ನಕ್ಷೆ ನೋಡುವ ಮೊದಲೇ “ಏನಮ್ಮ, ಎಲ್ಲಾ ಸರಿಯಿದ್ಯಾ?” ಎಂದು ಕೇಳಿ ಮುಗಿಸುತ್ತಿದ್ದರು. ಅವರು ನಿವೃತ್ತರಾಗಿ ಹೊಸ ಮೇಡಂ ಬಂದರು. ಹೊಸ ಮೇಡಂ ಕೆಟ್ಟವರಲ್ಲ, ಚುರುಕಿನವರು. ಮುಂದಿಟ್ಟಿದ್ದನ್ನು ನೋಡುತ್ತಿದ್ದರು, ನೋಡಿದ್ದನ್ನು ನಂಬುತ್ತಿದ್ದರು. ತಗ್ಗಿನ ಘಟಕದಲ್ಲಿ ಹಬೆಯ ಕೊಳವೆ ಒಡೆದು, ಹೊಸದು ಹಾಕುವವರೆಗೆ ಬಟ್ಟೆ ಒಣಗುವುದು ತಡವಾಗಿತ್ತು. ಹೇಳಿದ ಹೊತ್ತಿಗೆ ಮುಟ್ಟಿದ ಬಟ್ಟೆ ನೂರಕ್ಕೆ ತೊಂಬತ್ತೇಳು ಇದ್ದದ್ದು ತೊಂಬತ್ನಾಲ್ಕಕ್ಕೆ ಇಳಿದಿತ್ತು. ನಕ್ಷೆಯಲ್ಲಿ ಅದು ಬಾವಿಗೆ ಬಿದ್ದ ಕೊಡದಂತೆ ಕಂಡಿತು.

“ಇದೇನು ಹೀಗೆ ಕುಸಿದಿದೆ?” ಎಂದರು ಮೇಡಂ. “ಮುಂದಿನ ತಿಂಗಳ ಮೀಟಿಂಗ್‌ನಲ್ಲಿ ತೀರ್ಮಾನ ಮಾಡೋಣ. ಹೀಗೇ ಇದ್ರೆ ಆಸ್ಪತ್ರೆ ಬಟ್ಟೆ ಎಲ್ಲಾನೂ ಹೆದ್ದಾರಿ ಘಟಕಕ್ಕೆ ಕೊಡೋದು ಒಳ್ಳೇದು.”

ಗೀಟಕ್ಕನಿಗೆ ಆ ಮಾತಿನ ಅರ್ಥ ಗೊತ್ತಿತ್ತು. ತಗ್ಗಿನ ಘಟಕಕ್ಕೆ ಆಸ್ಪತ್ರೆಯ ಬಟ್ಟೆಯೇ ಉಸಿರು. ಅದು ಹೋದರೆ ಇಸ್ತ್ರಿಯ ಮೇಜುಗಳು ಮುಚ್ಚುತ್ತವೆ. ಹೆದ್ದಾರಿ ಘಟಕವಿರುವುದು ಊರಾಚೆ. ಎರಡು ಬಸ್ಸು ಬದಲಿಸಿ ಅಲ್ಲಿಗೆ ಹೋಗಿಬರುವುದು ಮಕ್ಕಳೊಂದಿಗರಾದ ಆ ಹೆಂಗಸರಿಂದ ಆಗುವ ಮಾತಲ್ಲ. ‘ಕೊಳವೆ ಒಡೆದಿತ್ತು ಮೇಡಂ, ಬಿದ್ದಿರೋದು ಮೂರೇ’ ಎಂದು ಹೇಳಲು ಅವಳು ಬಾಯಿ ತೆರೆದಳು. ಮೇಡಂ ಆಗಲೇ ಮುಂದಿನ ಹಾಳೆಗೆ ಹೋಗಿದ್ದರು. ತುಂಬಿದ ಕೋಣೆಯಲ್ಲಿ ಮಾತಾಡಬೇಕೆಂದರೆ ಅವಳ ನಾಲಿಗೆ ಯಾವಾಗಲೂ ಹೀಗೇ, ಹೊರಡುವಷ್ಟರಲ್ಲಿ ಬಸ್ಸು ಹೋಗಿರುತ್ತಿತ್ತು. ಸಂಜೆಯೊಳಗೆ ಆ ಸುದ್ದಿ ಗೂಬಣ್ಣನ ವ್ಯಾನಿನಲ್ಲಿ ತಗ್ಗಿನ ಘಟಕಕ್ಕೂ ಮುಟ್ಟಿತು.

ಉಪಾಯ ಹೊಳೆದದ್ದು ಅಡುಗೆಮನೆಯಲ್ಲಿ. ಅವಳ ಅತ್ತೆ ಬಟ್ಟೆ ಹೊಲಿದು ಸಂಸಾರ ಸಾಗಿಸಿದ ಹೆಂಗಸು. ಸೂಜಿಯನ್ನು ಕೆಳಗಿಟ್ಟು ಕೆಲವು ವರ್ಷವಾಗಿದ್ದರೂ ಮೊನಚೆಲ್ಲ ನಾಲಿಗೆಗೆ ಬಂದಿತ್ತು. ಅಂದು ಸಂಜೆ ಕನ್ನಡಕ ಏರಿಸಿಕೊಂಡು ಫೋನಿನಲ್ಲಿ ಮೊಮ್ಮಗಳ ಫೋಟೋ ನೋಡುತ್ತ ಕೂತಿದ್ದರು.

“ಏನೇ ಇದು? ಇವಳು ತೆಂಗಿನಮರದಷ್ಟು ಉದ್ದ ಕಾಣ್ತಾಳೆ. ನನ್ನ ಮಂಡಿಗೆ ಬರ್ತಾಳೆ ಹುಡುಗಿ.”

“ಫೋಟೋ ತುಂಬ ಅವಳೊಬ್ಬಳೇ ಇದಾಳಲ್ಲ ಅತ್ತೆ, ಅದಕ್ಕೆ ಹಾಗೆ.”

“ಅದೇ ಮತ್ತೆ. ಪಕ್ಕದಲ್ಲಿ ಒಂದು ಬಾಗ್ಲಾದ್ರೂ ಕಂಡಿದ್ರೆ ಇವಳೆಷ್ಟು ಅಂತ ಗೊತ್ತಾಗ್ತಿತ್ತು. ತೆಗೆದೋರಿಗೆ ಒಂದು ಹೆಜ್ಜೆ ಹಿಂದೆ ಹೋಗೋಕೇನು ಧಾಡಿ? ಯಾರು ತೆಗೆದಿದ್ದು?”

“ನಾನೇ.”

“ಅಂದ್ಕೊಂಡೆ” ಎಂದರು ಅತ್ತೆ.

ಗೀಟಕ್ಕ ಬೈಗುಳವನ್ನು ಕೇಳಿಸಿಕೊಳ್ಳಲೇ ಇಲ್ಲ. ಕೈಯಲ್ಲಿದ್ದ ಸೌಟು ಹಾಗೇ ನಿಂತಿತ್ತು. ಸಾಫ್ಟ್‌ವೇರೂ ಹೀಗೇ ಅಲ್ಲವೆ? ಮುಂದಿರುವವರಷ್ಟೇ ಚೌಕಟ್ಟು ತುಂಬುವಂತೆ ಹತ್ತಿರ ಹೋಗಿ ಫೋಟೋ ಹೊಡೆಯುವ ದಡ್ಡ. ಹಿಂದೆ ಹೋಗು ಎಂದರೆ ಹೋಗುವುದಿಲ್ಲ. ಆದರೆ ನೆಲದ ಮೇಲೆ ಯಾರನ್ನಾದರೂ ಕೂರಿಸಿದರೆ? ಅವರನ್ನೂ ಫೋಟೋದಲ್ಲಿ ಸೇರಿಸಲು ಹಿಂದೆ ಹೋಗಲೇಬೇಕಲ್ಲ!

ಮರುದಿನ ಅವಳು ಘಟಕಗಳ ಸಾಲಿಗೆ ಇನ್ನೊಂದು ಸಾಲು ಸೇರಿಸಿ, ಎಲ್ಲ ತಿಂಗಳಿಗೂ ಸೊನ್ನೆ ತುಂಬಿದಳು. ನಿಂತ ಗೀಟು ಹೇಳದೆ ಕೇಳದೆ ಸೊನ್ನೆಯಿಂದ ಶುರುವಾಯಿತು. ತಗ್ಗಿನ ಘಟಕ ಬಾವಿಯಿಂದ ಎದ್ದು ಬಂದು ಉಳಿದವರ ಪಕ್ಕದಲ್ಲಿ ನಿಂತುಕೊಂಡಿತು. ಸೊನ್ನೆಯ ಗೆರೆ ಕಾಣದಿರಲೆಂದು ಅದಕ್ಕೆ ಬಿಳಿ ಬಣ್ಣ ಬಳಿದಳು. ಇಷ್ಟಾದ ಮೇಲೆ ಸಾಫ್ಟ್‌ವೇರು ತಕರಾರು ತೆಗೆಯಿತು. ಸಾಲಿಗೆ ಹೆಸರಿಲ್ಲದೆ ಒಪ್ಪುವುದಿಲ್ಲವಂತೆ. ಏನು ಹೆಸರಿಡುವುದು? ಹೊಲದಲ್ಲಿ ಕೈ ಚಾಚಿ ಸುಮ್ಮನೆ ನಿಂತಿರುತ್ತದೆ, ಉಳುವುದಿಲ್ಲ, ಬಿತ್ತುವುದಿಲ್ಲ, ಆದರೆ ಅದು ನಿಂತಿದೆಯೆಂದೇ ಹಕ್ಕಿಗಳು ತಮ್ಮ ಜಾಗದಲ್ಲಿರುತ್ತವೆ. ಅವಳು ನಗುತ್ತ ‘ಬೆರ್ಚಪ್ಪ’ ಎಂದು ಒತ್ತಿದಳು.

ನಗು ಬೇಗ ಮಾಸಿತು. ಬಿಳಿಯ ಮೇಲೆ ಬಿಳಿ ಬಳಿದದ್ದನ್ನು ಮೇಡಂಗೆ ಹೇಳಬೇಡವೆ? ಹೇಳಿದರೆ, ‘ನೀವು ಮೊದಲು ಇದ್ದ ಘಟಕ ಅಂತ ಮುಚ್ಚಿಟ್ರಾ?’ ಎಂದು ಕೇಳಿದರೆ? ಎರಡು ಸಲ ಮೇಡಂ ಕೋಣೆಯ ಬಾಗಿಲವರೆಗೆ ಹೋಗಿ ಬಂದಳು. ಒಳಗೆ ಯಾರೋ ಇದ್ದರು. ಯಾರೂ ಇಲ್ಲದಿದ್ದರೂ ಅವಳು ಹೋಗುತ್ತಿದ್ದಳೋ ಇಲ್ಲವೋ.

ಮೀಟಿಂಗಿನ ಬೆಳಿಗ್ಗೆ ಸಾಫ್ಟ್‌ವೇರಿನ ‘ಮುಂದಿನ ವರ್ಷನ್’ ಬಂದೇಬಿಟ್ಟಿತು. ನಿಂತ ಗೀಟಿನ ಬೂದು ಚೌಕ ಹಾಗೇ ಇತ್ತು. ಅದರ ಬದಲು ನಕ್ಷೆಯ ಕೆಳಗೆ ತಾನಾಗಿಯೇ ಎರಡು ಸಾಲು ಸಾರಾಂಶ ಬರೆಯುವ ವಿದ್ಯೆಯನ್ನು ಕಲಿತು ಬಂದಿತ್ತು. ಕಾಲು ಕೇಳಿದರೆ ಬಾಯಿ ಕೊಟ್ಟಂತೆ. ವರದಿ ನೇರವಾಗಿ ಮೀಟಿಂಗಿನ ಗೋಡೆಯ ಪರದೆಗೆ ಹೋಗುತ್ತಿದ್ದರಿಂದ ಗೀಟಕ್ಕ ಅದನ್ನು ನೋಡಿರಲಿಲ್ಲ.

ಮೇಜಿನ ಸುತ್ತ ನಾಲ್ಕೇ ಜನ: ಯಜಮಾನರು, ಮೇಡಂ, ಹಾಜರಿ ನೋಡಿಕೊಳ್ಳುವ ಗುಮಾಸ್ತರು, ಕೊನೆಯ ಕುರ್ಚಿಯಲ್ಲಿ ಗೀಟಕ್ಕ. ಯಜಮಾನರಿಗೆ ಕಣ್ಣಿನ ಆಪರೇಷನ್ ಆಗಿತ್ತು. ಬಣ್ಣಬಣ್ಣದ ಗೆರೆ ನೋಡಿದರೆ ನೀರು ಬರುತ್ತದೆಂದು ಅವರು ಕೆಳಗಿನ ದಪ್ಪಕ್ಷರವನ್ನಷ್ಟೇ ಓದಿದರು.

“ಅದಿರ್ಲಿ, ಈ ಬೆರ್ಚಪ್ಪ ಯಾರು?”

ಗೀಟಕ್ಕ ಆಗಷ್ಟೇ ಆ ದಪ್ಪಕ್ಷರದತ್ತ ಕಣ್ಣು ಹಾಯಿಸಿದಳು.

“ಇಲ್ಲಿ ಬರೆದಿದೆಯಲ್ಲ. ‘ಎಲ್ಲರಿಗಿಂತ ಕಡಿಮೆ: ಬೆರ್ಚಪ್ಪ, ಸೊನ್ನೆ. ತಕ್ಷಣ ಗಮನ ಕೊಡಿ.’ ಎಲ್ಲಾ ತಿಂಗಳೂ ಸೊನ್ನೆ! ಒಂದು ದಿಂಬಿನ ಚೀಲನಾದ್ರೂ ಒಗೀಬಾರ್ದಾ ಮಹಾನುಭಾವ?”

“ಬೆರ್ಚಪ್ಪ ಅಂದ್ರೆ ಹೊಲದಲ್ಲಿ ನಿಲ್ಲಿಸೋದಲ್ವಾ ಸಾರ್?” ಎಂದರು ಮೇಡಂ.

“ಅಡ್ಡಹೆಸರು ಇರಬೇಕಮ್ಮ. ನಮ್ಮಲ್ಲಿ ಗೂಬಣ್ಣ ಇಲ್ವಾ? ಪಾಪ, ಇವನು ಹೆಸರಿಗೆ ತಕ್ಕ ಹಾಗೆ ಇದಾನೆ. ರೀ, ನೋಡಿ, ಯಾವ ಘಟಕದೋನು?”

ಗುಮಾಸ್ತರು ಹಾಜರಿಯಲ್ಲಿ ಹುಡುಕಿ ತಲೆ ಕೆರೆದುಕೊಂಡರು. “ಅಪ್ಪ ಅಂತ ಕೊನೆಯಾಗೋರು ಬೇಕಾದಷ್ಟು ಜನ ಇದಾರೆ ಸಾರ್. ಇವರು ಸಿಗ್ತಿಲ್ಲ. ತಾಳಿ, ಕೇಳ್ತೀನಿ.” ಗೀಟಕ್ಕ “ಸಾರ್, ಅದು...” ಎನ್ನುವಷ್ಟರಲ್ಲಿ ಅವರು ತಗ್ಗಿನ ಘಟಕಕ್ಕೇ ಫೋನು ಹಚ್ಚಿ, ಎಲ್ಲರಿಗೂ ಕೇಳಿಸಲೆಂದು ಸ್ಪೀಕರು ಒತ್ತಿದ್ದರು. ಹಬೆ, ಯಂತ್ರ, ಅದರ ಮೇಲೆ ಮೇಸ್ತ್ರಿಯ ದನಿ ಕೋಣೆಯೊಳಕ್ಕೆ ನುಗ್ಗಿತು.

“ಮೇಸ್ತ್ರಿಗಳೇ, ನಿಮ್ಮಲ್ಲಿ ಬೆರ್ಚಪ್ಪ ಅಂತ ಇದಾರಾ?”

“ಯಾವಪ್ಪ?”

“ಬೆರ್ಚಪ್ಪ, ಬೆರ್ಚಪ್ಪ!”

“ಆಂ, ಇದಾರೆ ಸಾರ್, ಇದಾರೆ! ಈಗ ತಾನೆ ಬಾಯ್ಲರ್ ಹತ್ರ ಹೋದ್ರು.”

“ಕೆಲಸ ಹೇಗೆ ಮಾಡ್ತಾರೆ?”

“ಬಂಗಾರದಂಥ ಮನುಷ್ಯ ಸಾರ್. ನಿಂತ ಜಾಗ ಬಿಟ್ಟು ಕದಲಲ್ಲ!”

ಫೋನು ಇಟ್ಟಾಯಿತು. ಯಜಮಾನರ ಹುಬ್ಬು ಗಂಟಿಕ್ಕಿತು. ಮೇಡಂ ಪೆನ್ನಿನ ಮುಚ್ಚಳ ತೆಗೆದರು.

“ನೋಡಿ ಸಾರ್, ಒಬ್ಬರು ಏನೂ ಕೆಲಸ ಮಾಡ್ತಿಲ್ಲ, ಮೇಸ್ತ್ರಿ ಅವರನ್ನ ಹೊಗಳ್ತಿದಾರೆ. ಆ ಘಟಕದಲ್ಲಿ ಏನೋ ಸರಿಯಿಲ್ಲ ಅಂತ ನಾನು ಹೋದ ತಿಂಗಳೇ ಹೇಳ್ದೆ. ಆಸ್ಪತ್ರೆ ಬಟ್ಟೆ ಬದಲಾಯಿಸೋಣ. ಬರ್ಕೊಳ್ಳಲಾ?”

“ಬರ್ಕೋಬೇಡಿ!” ಎಂದಿತು ಒಂದು ದನಿ. ಅದು ತನ್ನದೇ ಎಂದು ತಿಳಿಯಲು ಗೀಟಕ್ಕನಿಗೆ ಒಂದು ಗಳಿಗೆ ಬೇಕಾಯಿತು. ಅವಳು ಎದ್ದು ನಿಂತಿದ್ದಳು. “ಬೆರ್ಚಪ್ಪ ಅಂತ ಯಾರೂ ಇಲ್ಲ ಸಾರ್. ಮೇಸ್ತ್ರಿಗೆ ಕಿವಿ ಸರಿಯಾಗಿ ಕೇಳಿಸಲ್ಲ. ಯಾರನ್ನ ಕೇಳಿದ್ರೂ ಅವರು ಹಾಗೇ ಹೇಳೋದು. ಆ ಬೆರ್ಚಪ್ಪನ್ನ ನಿಲ್ಲಿಸಿದ್ದು ನಾನು.”

ಅವಳು ಪರದೆಯ ಪಕ್ಕದ ಕಂಪ್ಯೂಟರಿನ ಹತ್ತಿರ ಹೋಗಿ, ಬಿಳಿ ಗೆರೆಗೆ ಕಪ್ಪು ಬಣ್ಣ ಕೊಟ್ಟು ತೋರಿಸಿದಳು. ಸೊನ್ನೆಯ ಮೇಲೆ ಬೆರ್ಚಪ್ಪ ನೆಟ್ಟಗೆ ಪ್ರತ್ಯಕ್ಷನಾದ. ಅವನನ್ನು ತೆಗೆದಳು. ತಗ್ಗಿನ ಘಟಕದ ಗೆರೆ ಬಾವಿಗೆ ಬಿತ್ತು. ಮತ್ತೆ ಇಟ್ಟಳು. ಎದ್ದು ಬಂತು.

ಮೇಡಂ ಕುರ್ಚಿಯನ್ನು ಪರದೆಯತ್ತ ತಿರುಗಿಸಿಕೊಂಡರು. ಅವರು ಕೇಳಿದ್ದು ಗೀಟಕ್ಕ ಹೆದರಿದ್ದ ಪ್ರಶ್ನೆಯನ್ನೇ.

“ಬಿಳಿ ಬಣ್ಣ ಯಾಕೆ ಬಳಿದ್ರಿ?”

“ಕಾಣಬಾರದು ಅಂತ.”

“ಕಾಣಬಾರದ್ದನ್ನ ನಾನು ನೋಡೋ ನಕ್ಷೆಯಲ್ಲಿ ಯಾಕೆ ಇಟ್ರಿ?”

“ನೆಲ ಕಾಣ್ಲಿ ಅಂತ ಮೇಡಂ. ನೆಲ ಕಾಣದಿದ್ರೆ ಮೆಟ್ಟಿಲಿಂದ ಜಾರಿದೋರೂ ಬಾವಿಗೆ ಬಿದ್ದೋರೂ ಒಂದೇ ಥರ ಕಾಣ್ತಾರೆ. ಅಲ್ಲಿ ಹಬೆ ಕೊಳವೆ ಒಡೆದಿತ್ತು, ಜಾರಿದ್ದು ಮೂರೇ ಮೆಟ್ಟಿಲು.” ಅವಳು ಮೇಡಂ ಕಡೆ ತಿರುಗಿದಳು. “ನಿಮಗೆ ಮೊದಲೇ ಹೇಳಬೇಕಿತ್ತು. ಬಾಗಿಲವರೆಗೂ ಬಂದಿದ್ದೆ.”

“ಒಳಗೆ ಬರಬೇಕಿತ್ತು” ಎಂದರು ಮೇಡಂ. ದನಿಯಲ್ಲಿ ಸಿಟ್ಟಿರಲಿಲ್ಲ, ಅವರ ಲಕ್ಷ್ಯವೆಲ್ಲ ನಕ್ಷೆಯ ಮೇಲೆಯೇ ಇತ್ತು. “ಆದ್ರೆ ಇದೂ ಸರಿಯಿಲ್ಲ ನೋಡಿ. ನಿಮ್ಮ ನಕ್ಷೆಯಲ್ಲಿ ಎಲ್ಲಾ ಘಟಕಾನೂ ಒಂದೇ ಹಗ್ಗದ ಮೇಲೆ ಒಣಗ್ತಾ ಇರೋ ಹಾಗಿದೆ. ನಾಳೆ ಯಾರಾದ್ರೂ ನಿಜವಾಗ್ಲೂ ಬಿದ್ರೂ ನಂಗೆ ಗೊತ್ತಾಗಲ್ಲ.”

ಗೀಟಕ್ಕ ಅದನ್ನು ಯೋಚಿಸಿರಲಿಲ್ಲ. ಅವಳಿಗೆ ಒಂದೇ ಘಟಕ ಕಾಣುತ್ತಿತ್ತು. “ಹೌದು ಮೇಡಂ” ಎಂದಳು, ಮನಸ್ಸಿನಿಂದಲೇ.

“ಸಾರ್, ಆಸ್ಪತ್ರೆಗೆ ನಾವು ಎಷ್ಟು ಅಂತ ಒಪ್ಕೊಂಡಿರೋದು?”

“ನೂರಕ್ಕೆ ತೊಂಬತ್ತು ಹೊತ್ತಿಗೆ ಸರಿಯಾಗಿ ಕೊಡ್ತೀವಿ ಅಂತ” ಎಂದರು ಯಜಮಾನರು.

“ಹಾಗಾದ್ರೆ ನಿಮ್ಮ ಬೆರ್ಚಪ್ಪನ್ನ ಸೊನ್ನೆಯಿಂದ ಎಬ್ಬಿಸಿ, ತೊಂಬತ್ತರ ಮೇಲೆ ನಿಲ್ಲಿಸಿ. ಬಿಳಿ ಬೇಡ, ಕೆಂಪು ಬಣ್ಣ ಕೊಡಿ. ಎಲ್ಲರಿಗೂ ಕಾಣ್ಲಿ. ಹೆಸರೂ ಬದಲಾಯಿಸಿ, ‘ಕೊಟ್ಟ ಮಾತು’ ಅಂತ.”

ಗೀಟಕ್ಕ ಒಂದಕ್ಷರವೂ ತಪ್ಪದೆ ಒತ್ತಿದಳು. ನಿಂತ ಗೀಟು ತೊಂಬತ್ತಕ್ಕಿಂತ ಒಂದು ಗೇಣು ಕೆಳಗಿನಿಂದ ಶುರುವಾಯಿತು. ಕೆಂಪು ಗೆರೆ ಅಡ್ಡಡ್ಡ ಮಲಗಿತು. ಘಟಕಗಳೆಲ್ಲ ಅದರ ಮೇಲೆ, ಒಂದೊಂದು ಒಂದೊಂದು ಎತ್ತರದಲ್ಲಿ, ಬೇರೆಬೇರೆಯಾಗಿ ಕಂಡವು. ತಗ್ಗಿನ ಘಟಕ ಇಳಿದದ್ದೂ ಕಂಡಿತು, ಇಳಿದರೂ ಕೆಂಪನ್ನು ಮುಟ್ಟದೆ, ಹೊಸ ಕೊಳವೆ ಬಂದ ಮೇಲೆ ಮತ್ತೆ ತಲೆ ಎತ್ತಿದ್ದೂ ಕಂಡಿತು.

“ಓ, ಇದು ಏರ್ತಾ ಇದೆಯಲ್ಲ” ಎಂದರು ಮೇಡಂ.

ಸಾಫ್ಟ್‌ವೇರು ಕೆಳಗೆ ತನ್ನ ಹೊಸ ಬಾಯಿ ತೆರೆದು ಬರೆಯಿತು. ಯಜಮಾನರು ಓದಿದರು: “‘ಎಲ್ಲರಿಗಿಂತ ಕಡಿಮೆ: ಕೊಟ್ಟ ಮಾತು.’ ಸರಿಯಾಗೇ ಇದೆಯಲ್ಲಪ್ಪ! ಎಲ್ಲರೂ ಕೊಟ್ಟ ಮಾತಿಗಿಂತ ಮೇಲೇ ಇದಾರೆ.” ಆಮೇಲೆ ಅವರಿಗೆ ಏನೋ ನೆನಪಾಗಿ ಭುಜ ಕುಲುಕತೊಡಗಿತು. “ನಿಂತ ಜಾಗ ಬಿಟ್ಟು ಕದಲಲ್ವಂತೆ... ಬಂಗಾರದಂಥ ಮನುಷ್ಯನಂತೆ...” ಎನ್ನುತ್ತ ನಕ್ಕೂ ನಕ್ಕೂ ಆಪರೇಷನ್ ಆದ ಕಣ್ಣಲ್ಲಿ ನೀರು ಬಂದು, ಗುಮಾಸ್ತರು ಕರವಸ್ತ್ರ ಕೊಡಬೇಕಾಯಿತು. ಮೇಡಂ ಕೂಡ ತುಟಿ ಕಚ್ಚಿ ಹಿಡಿದುಕೊಂಡರೂ ಕೊನೆಗೆ ಸೋತರು.

“ಆಸ್ಪತ್ರೆ ಬಟ್ಟೆ ಅಲ್ಲೇ ಇರ್ಲಿ” ಎಂದು ಪೆನ್ನಿಗೆ ಮುಚ್ಚಳ ಹಾಕಿದರು. “ನೀವೇ ಫೋನ್ ಮಾಡಿ ಹೇಳಿಬಿಡಿ. ಹೇಳದೆ ಕೇಳದೆ ಬಾಯ್ಲರ್ ಹತ್ರ ಹೋಗೋರ ವಿಷಯ ನಾನು ಅಲ್ಲಿಗೇ ಬಂದು ಮಾತಾಡ್ತೀನಿ.”

ಗೀಟಕ್ಕ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತಳು. ಬೆನ್ನಿನ ಮೇಲಿದ್ದ ಒದ್ದೆ ಬಟ್ಟೆಯ ಮೂಟೆಯನ್ನು ಯಾರೋ ಇಳಿಸಿಕೊಂಡಂತಿತ್ತು. ಮೇಸ್ತ್ರಿಗೆ ಫೋನು ಮಾಡಿದಳು.

“ಅಣ್ಣಾ, ಆಸ್ಪತ್ರೆ ಬಟ್ಟೆ ನಿಮ್ಮಲ್ಲೇ ಇರತ್ತೆ. ತೀರ್ಮಾನ ಆಯ್ತು.”

“ಏನು? ಆಸ್ಪತ್ರೆಗೆ ಯಾರು ಸೇರಿದ್ರು?”

“ಯಾರೂ ಸೇರಿಲ್ಲ! ಬಟ್ಟೆ! ನಿಮ್ಮಲ್ಲೇ! ಇರತ್ತೆ!”

“ಇರತ್ತಾ?” ಎಂದರು ಮೇಸ್ತ್ರಿ. ಆ ದೊಡ್ಡ ದನಿ ಅಷ್ಟು ಸಣ್ಣದಾದದ್ದನ್ನು ಅವಳು ಎಂದೂ ಕೇಳಿರಲಿಲ್ಲ. “ತಾಳು ತಂಗಿ, ತಾಳು” ಎಂದು ಫೋನನ್ನು ಕಟ್ ಮಾಡದೆ ಎಲ್ಲೋ ಇಟ್ಟು ಹೋದರು. ಅವರು ಕೂಗಿ ಹೇಳುವುದು ದೂರದಿಂದ ಕೇಳಿಸಿತು. ಯಾರೋ ಕಿರುಚಿದರು, ಯಾರೋ ಮೇಜು ಬಡಿದರು. ಸೋಪಮ್ಮನ ದನಿಯಿರಬೇಕು, “ಮತ್ತೇನೇ ಬಾಯ್ಬಿಟ್ಕೊಂಡು ನಿಂತಿದೀರಾ, ಆ ತುದಿ ಹಿಡ್ಕೊಳ್ರೇ” ಎಂದಿತು. ಎರಡು ಕೈಗಳ ನಡುವೆ ದೊಡ್ಡ ಹಾಸುಬಟ್ಟೆಯನ್ನು ಕೊಡವಿದ ಪಟ್ ಸದ್ದು, ಅದರ ಹಿಂದೆ ಇನ್ನೊಂದು.

ಮೇಸ್ತ್ರಿ ಫೋನನ್ನು ಮರೆತೇಬಿಟ್ಟಿದ್ದರು. ಗೀಟಕ್ಕ ಅದನ್ನು ಕಿವಿಯಿಂದ ತೆಗೆಯಲಿಲ್ಲ. ಬಟ್ಟೆ ಕೊಡವುವ ಸದ್ದನ್ನು ಕೇಳುತ್ತ ಮೆಟ್ಟಿಲ ಮೇಲೆ ಕೂತೇ ಇದ್ದಳು.